ಲೆಕ್ಕ ‘ಚುಕ್ತಾ’, ‘ಇತ್ಯರ್ಥ’, ‘ನಿಷ್ಕರ್ಷೆ’: ಯಾವುದು ಎಲ್ಲಿ ಸರಿ?

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಗಾಲದಲ್ಲಿ ಮತ್ತು ಆಮೇಲೆ ಯುರೋಪಿನಲ್ಲಿ ಆ ದೇಶದ ರಾಯಭಾರಿಗಳು ಲೆಕ್ಕಪತ್ರ ಮುಗಿಸಿದ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಸೆಟ್ಲ್‌ಮೆಂಟ್’ ಎಂಬ ಒಂದೇ ಮಾತು ಅಲ್ಲಿ ಮೂರು ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗಿರುವುದರಿಂದ ಬಲ್ಲವರ ಸಲಹೆ ಬೇಕಾಗಿದೆ.

1782ರ ಜುಲೈ 16ರಂದು ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಫ್ರಾನ್ಸಿನ ವಿದೇಶಾಂಗ ಮಂತ್ರಿ ವೆರ್ಜೆನ್, 1778ರಿಂದ ಕೊಟ್ಟಿದ್ದ 21 ರಸೀದಿಗಳನ್ನು ಕೂಡಿಸಿ, ಫ್ರಾನ್ಸ್ ಅಮೆರಿಕಕ್ಕೆ ಕೊಟ್ಟ ಸಾಲ ಒಟ್ಟು 1 ಕೋಟಿ 80 ಲಕ್ಷ ಲಿವ್ರ್ (ಆಗಿನ ಫ್ರೆಂಚ್ ಹಣ) ಎಂದು ಒಪ್ಪಿ ಕರಾರಿಗೆ ಸಹಿ ಹಾಕಿದರು. ಶಾಂತಿ ಏರ್ಪಡುವವರೆಗಿನ ಬಡ್ಡಿಯನ್ನು ಫ್ರಾನ್ಸಿನ ದೊರೆ ಮನ್ನಾ ಮಾಡಿದ. ಅಸಲನ್ನು ಶಾಂತಿಯಾದ ಮೂರನೆಯ ವರ್ಷದಿಂದ ವರ್ಷಕ್ಕೆ 15 ಲಕ್ಷದಂತೆ 12 ಕಂತುಗಳಲ್ಲಿ ತೀರಿಸಬೇಕೆಂದು ಗೊತ್ತಾಯಿತು. ಇದನ್ನು ‘ಲೆಕ್ಕ ಚುಕ್ತಾ ಮಾಡಿದರು’ ಎಂದು ಬರೆದರೆ ಬಾಕಿಯೇ ಉಳಿಯಲಿಲ್ಲವೆಂದು ಓದುಗರು ತಿಳಿಯುತ್ತಾರೆ. ಅಂದು ಸಾಲದಲ್ಲಿ ಒಂದು ಕಾಸೂ ಮರಳಿರಲಿಲ್ಲ. ‘ತೀರುವಳಿ’ಗೂ ಇದೇ ತೊಡಕು. ಆದ್ದರಿಂದ ಇಲ್ಲಿ ‘ಲೆಕ್ಕ ನಿಷ್ಕರ್ಷೆ’ ಎಂಬುದೇ ನನಗೆ ಸರಿಯೆನಿಸುತ್ತದೆ. ‘ಬಾಕಿ ನಿಗದಿ’ ಎಂದರೂ ಅರ್ಥ ಕೆಡದು, ಆದರೆ ಮನ್ನಾ ಮತ್ತು ಕಂತಿನ ಷರತ್ತುಗಳು ಅದರಲ್ಲಿ ಅಡಕವಾಗುವುದಿಲ್ಲ.

‘ಇತ್ಯರ್ಥ’ಕ್ಕೆ ವ್ಯಾಜ್ಯದ ವಾಸನೆ ಇದೆ. ಅದಕ್ಕೆ ತಕ್ಕ ಪ್ರಸಂಗವೂ ಇದೇ ಕಥೆಯಲ್ಲಿದೆ. 1778ಕ್ಕೆ ಮುಂಚೆ ಫ್ರಾನ್ಸ್ 30 ಲಕ್ಷ ಲಿವ್ರ್‌ಗಳನ್ನು ಉಚಿತವಾಗಿ ಕೊಟ್ಟಿತ್ತೆಂದು 1783ರ ಫೆಬ್ರವರಿಯ ಕರಾರು ಹೇಳುತ್ತದೆ. ಅಮೆರಿಕದ ಲೆಕ್ಕದಲ್ಲಿ ಜಮಾ ಆಗಿದ್ದದ್ದು 20 ಲಕ್ಷ ಮಾತ್ರ. ಉಳಿದ 10 ಲಕ್ಷವನ್ನು 1776ರ ಜೂನ್ 10ರಂದು, ಅಮೆರಿಕಕ್ಕೆ ಶಸ್ತ್ರಾಸ್ತ್ರ ಸಾಗಿಸುತ್ತಿದ್ದ ಫ್ರೆಂಚ್ ನಾಟಕಕಾರ ಬೋಮಾರ್ಷೆ ಪಡೆದಿದ್ದನೆಂಬ ರಸೀದಿ 1794ರಲ್ಲಿ ಹೊರಬಂತು. ಅವನ ವಾರಸುದಾರರೊಂದಿಗೆ ಅಮೆರಿಕಕ್ಕಿದ್ದ ತಕರಾರು 1835ರಲ್ಲಿ ಮುಗಿಯಿತು. ಅದು ನಿಜವಾದ ಇತ್ಯರ್ಥ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಥಾಮಸ್ ಬಾರ್ಕ್ಲೆಯ ಹುದ್ದೆ. ಯುರೋಪಿನಲ್ಲಿ ಸಾರ್ವಜನಿಕ ಹಣ ಖರ್ಚು ಮಾಡಿದ ಎಲ್ಲರ ಲೆಕ್ಕವನ್ನು ಪರಿಶೀಲಿಸಿ ಅಂತಿಮಗೊಳಿಸುವ ಪೂರ್ಣ ಅಧಿಕಾರವನ್ನು ಅಮೆರಿಕದ ಕಾಂಗ್ರೆಸ್ 1782ರ ಕೊನೆಯಲ್ಲಿ ಅವನಿಗೆ ಕೊಟ್ಟಿತು. ‘ಲೆಕ್ಕಪರಿಶೋಧಕ’ ಎಂದರೆ ತಾಳೆ ನೋಡಿ ವರದಿ ಕೊಡುವವನಷ್ಟೇ ಆಗುತ್ತಾನೆ. ತೀರ್ಮಾನಿಸುವ ಅಧಿಕಾರ ಆ ಪದದಲ್ಲಿ ಕಾಣುವುದಿಲ್ಲ. ‘ಲೆಕ್ಕ ನಿಷ್ಕರ್ಷೆಯ ಆಯುಕ್ತ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಹಳೆಯ ಮೈಸೂರಿನ ಕಂದಾಯ ಕಡತಗಳನ್ನು ಓದಿದವರು ಇಂಥ ಅಧಿಕಾರಿಗೆ ಬಳಕೆಯಲ್ಲಿದ್ದ ಹೆಸರನ್ನು ಕಂಡಿದ್ದರೆ ದಯವಿಟ್ಟು ತಿಳಿಸಿ.