ಮಧ್ಯಾಹ್ನ ಆದ್ರ ಫೈಬರ್ ಲಿಂಕ್ ಬೀಳ್ತದ, ಎಸ್‌ಎಫ್‌ಪಿ (ಸ್ವಿಚ್‌ಗೆ ಹಚ್ಚೋ ಬೆಳಕಿನ ಮಾಡ್ಯೂಲ್) ಬದಲಿ ಮಾಡಬೇಕೇನ್ರಿ?

ಶಹಾಬಾದ್ ಲೈನ್:
7 ಕಿಮೀ ಲಿಂಕ್. ಎರಡು ಕೋರ್ (ಹೋಗಾಕ ಒಂದು ಫೈಬರ್ ಎಳಿ, ಬರಾಕ ಒಂದು), ಎರಡೂ ತುದಿಗೆ 1ಜಿಯ 10 ಕಿಮೀ ಎಸ್‌ಎಫ್‌ಪಿ, 1310 ನ್ಯಾನೋಮೀಟರ್, ಎಲ್‌ಸಿ ಕನೆಕ್ಟರ್. ಈ ಕಡೆ ಸ್ವಿಚ್ ಡಬ್ಬಿ ಫರಸಿ ಪಾಲಿಶ್ ಮಷೀನಿನ ಬಾಜೂಕೇ ಅದ. ಆ ಕಡೆದು ತಗಡಿನ ಶೆಡ್ ಒಳಗ. ಮುಂಜಾನಿ ಛಲೋ ಇರ್ತದ, 12 ದಾಟಿದ್ರ ಬೀಳ್ತದ, ಏಳ್ತದ. ಈ ಕಡೆ ಆರ್‌ಎಕ್ಸ್ (ಬಂದು ಮುಟ್ಟೋ ಬೆಳಕು) ಮುಂಜಾನಿ -18.5 ಡಿಬಿಎಂ, ಮಧ್ಯಾಹ್ನ -20 (ಮೈನಸ್ ಅಂಕಿ ದೊಡ್ಡದಾದಷ್ಟು ಬೆಳಕು ಕಮ್ಮಿ). ಆ ಕಡೆ ಟಿಎಕ್ಸ್ (ಕಳಿಸೋ ಬೆಳಕು) ಮುಂಜಾನಿ -6, ಮಧ್ಯಾಹ್ನ -7.5, ಮಾಡ್ಯೂಲ್ 68 ಡಿಗ್ರಿ. ನಮ್ಮ ಟಿಎಕ್ಸ್ -6, ಅದು ಆ ಕಡೆ -10.5 ಆಗಿ ಮುಟ್ಟತದ. ಪ್ಯಾಚ್ ಕಾರ್ಡ್ (ಎಸ್‌ಎಫ್‌ಪಿಗೆ ಹಚ್ಚೋ ಸಣ್ಣ ಫೈಬರ್ ವಯರ್) ತುದಿ ಹತ್ತಿಗೆ ಮೆಡಿಕಲ್ ಸ್ಪಿರಿಟ್ ಹಚ್ಚಿ ಒರೆಸ್ಯಾಗ್ಯದ.

ಸೇಡಂ ಸ್ಪ್ಲೈಸ್:
ಎಸ್‌ಎಫ್‌ಪಿಗೆ ಈಗೇ ರೊಕ್ಕ ಹಾಕಬ್ಯಾಡ್ರಿ. ನಿಮ್ಮ ಅಂಕಿನೇ ಉತ್ತರ ಹೇಳ್ಯಾವ. ಕಿಮೀಗೆ 0.35 ಡಿಬಿ ಹಿಡದ್ರ 7 ಕಿಮೀಗೆ 2.5, ಕನೆಕ್ಟರ್, ಸ್ಪ್ಲೈಸ್ (ಫೈಬರ್ ಬೆಸುಗಿ) ಕೂಡಿ 4.5. ಒಂದು ಕೋರ್ ಅಷ್ಟೇ ತಿಂತದ, ಇನ್ನೊಂದು 12.5 ತಿಂತದ. ಕೇಬಲ್ ಎಲ್ಲಿಯಾದರೂ ಮಡಚಿದ್ರ ಬಹಳ ಸಲ ಎರಡೂ ಕೋರಿಗೆ ಪೆಟ್ಟು ಬೀಳ್ತದ. ಒಂದಕ್ಕೇ 8 ಡಿಬಿ ಹೋಗ್ಯದ ಅಂದ್ರ ಮೊದಲ ಅನುಮಾನ ಕನೆಕ್ಟರ್ ಮ್ಯಾಲೆ. ಸಿಂಗಲ್ ಮೋಡ್ ಫೈಬರ್‌ನ್ಯಾಗ ಬೆಳಕು ಹೋಗೋ ನಡುವಿನ ಗಾಜು ಬರೇ 9 ಮೈಕ್ರಾನ್. ಫರಸಿ ಧೂಳಿನ ಒಂದು ಕಣ ಕುಂತ್ರ ಬೆಳಕಿನ ದಾರಿನೇ ಮುಚ್ಚತದ.

ಹತ್ತಿ ಎಳಿ ಬಿಡ್ತದ. ಮೆಡಿಕಲ್ ಸ್ಪಿರಿಟ್‌ನ್ಯಾಗ ನೀರು ಇರ್ತದ, ಒಣಗಿದ ಮ್ಯಾಲೆ ಕಲೆ ಉಳಿತದ. 99 ಶೇಕಡಾ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಎಳಿ ಬಿಡದ ವೈಪ್ ತಗೊಳ್ರಿ. ವೈಪಿನ ಒಂದು ಮೂಲಿಗೆ ಒಂದೇ ಹನಿ. ಹಸಿ ಜಾಗದಿಂದ ಒಣ ಜಾಗಕ್ಕ ಫೆರೂಲ್ (ಕನೆಕ್ಟರ್ ಮೂತಿ) ಒಂದೇ ದಿಕ್ಕಿಗೆ, ಒಂದೇ ಸಲ ಎಳೀರಿ. ಒಣಗಿದ್ದು ತಿಕ್ಕಿದ್ರ ಕಲ್ಲಿನ ಪುಡಿ ಗಾಜಿನ ಮ್ಯಾಲೆ ಗೀರು ಎಳೀತದ, ಆ ಗೀರು ಯಾವ ಐಪಿಎಗೂ ಹೋಗಂಗಿಲ್ಲ. ಇನ್ನೊಂದು, ಪ್ಯಾಚ್ ಕಾರ್ಡ್ ತೊಳದು ಹೊಲಸು ಎಸ್‌ಎಫ್‌ಪಿ ಬಾಯಿಗೆ ಹಚ್ಚಿದ್ರ ಎಲ್ಲಾ ಹಾಳು. ಅದಕ್ಕ, ಎಸ್‌ಎಫ್‌ಪಿ ಬಾಯಿಗೂ, ಪ್ಯಾನೆಲ್ (ಕೇಬಲ್ ತುದಿ ಬಂದು ಕೂಡೋ ಡಬ್ಬಿ) ಅಡಾಪ್ಟರ್‌ಗೂ ಎಲ್‌ಸಿಯ 1.25 ಮಿಮೀ ಒನ್‌ಕ್ಲಿಕ್ ಕ್ಲೀನರ್ ಹಚ್ಚಿ ಒತ್ರಿ. ಎಸ್‌ಸಿ ಕನೆಕ್ಟರ್ ಇದ್ರ 2.5 ಮಿಮೀದು.

ಶಹಾಬಾದ್ ಲೈನ್:
ಸ್ಕೋಪ್ (ಫೈಬರ್ ತುದಿ ದೊಡ್ಡದು ಮಾಡಿ ತೋರಿಸೋದು) ಇಲ್ಲ, ಪವರ್ ಮೀಟರ್ ಅದ. ತಪ್ಪು ಯಾವ ತುದಿಗೆ ಅಂತ ಹೆಂಗ ಹುಡಕೋದು?

ಚಿತ್ತಾಪುರ ಓಟಿಡಿಆರ್:
ನಿಮ್ಮ ಕಡೆಯಿಂದ ಶುರು ಮಾಡ್ರಿ. ಮೀಟರ್ 1310ಕ್ಕ ಇಡ್ರಿ. ಪ್ಯಾನೆಲ್ ಬಾಯಿಗೆ ತೊಳೆದ, ಗೊತ್ತಿದ್ದ ಪ್ಯಾಚ್ ಕಾರ್ಡ್ ಹಚ್ಚಿ ಓದ್ರಿ. ಆಮ್ಯಾಲೆ ಹಳೆ ಕಾರ್ಡ್ ಹಚ್ಚಿ ಓದ್ರಿ. ಅರ್ಧ ಡಿಬಿಗಿಂತ ಹೆಚ್ಚು ಫರಕ್ ಬಂದ್ರ ಆ ಕಾರ್ಡೇ ತಪ್ಪು, ಕಸಕ್ಕ ಹಾಕ್ರಿ. ಎರಡಕ್ಕೂ -18.5 ಬಂದ್ರ ಹೊಲಸು ಆ ಕಡೆ ಟಿಎಕ್ಸ್ ಕಾರ್ಡ್, ಪ್ಯಾನೆಲ್ ಅಥವಾ ನಡುವ ಅದ. ಓಟಿಡಿಆರ್ (ನಷ್ಟ ಎಷ್ಟು ದೂರದಾಗ ಅದ ಅಂತ ತೋರಿಸೋ ಯಂತ್ರ) ಸಿಕ್ರ 1310, 1550 ಎರಡರಲ್ಲೂ ಹೊಡೀರಿ. ಒಂದೇ ಜಾಗದಾಗ 1310ಕ್ಕಿಂತ 1550ಕ್ಕ ನಷ್ಟ ಭಾಳ ಹೆಚ್ಚಿದ್ರ ಅದು ಮಡಚು, ಡಬ್ಬಿ ಬಾಗಲಕ್ಕ ಕಾರ್ಡ್ ಸಿಕ್ಕಿರಬಹುದು. ಸಾದಾ ಜಿ.652 ಫೈಬರ್ 30 ಮಿಮೀ ತ್ರಿಜ್ಯಕ್ಕಿಂತ ಸಣ್ಣದಾಗಿ ಸುತ್ತಬ್ಯಾಡ್ರಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ತೆಗೆದ ತುದಿ ಕಣ್ಣಿಗೆ ಹಿಡಕೊಂಡು ನೋಡಬ್ಯಾಡ್ರಿ. 1310, 1550 ಬೆಳಕು ಕಾಣಂಗಿಲ್ಲ. ಕೇಬಲ್ ಟಿವಿ ಫೈಬರ್ ಅದೇ ಕಂಬದ ಮ್ಯಾಲೆ ಇದ್ರ ಅಲ್ಲಿ ಇಡಿಎಫ್‌ಎ (ಬೆಳಕಿನ ಬಲ ಹೆಚ್ಚಿಸೋ ಯಂತ್ರ) ಬೆಳಕು 20 ಡಿಬಿಎಂ ಮುಟ್ಟಬಹುದು. ಆ ಲೈನಿಗೆ ಸ್ಕೋಪ್ ಹಚ್ಚೋದಕ್ಕಿಂತ ಮೊದಲು ಆ ಕಡೆ ಬಂದ್ ಮಾಡಿಸ್ರಿ. ಕಡದ ಫೈಬರ್ ಚೂರು ಮುಚ್ಚಳ ಇರೋ ಬಾಟಲಿಗೆ ಹಾಕ್ರಿ.

ಸೇಡಂ ಸ್ಪ್ಲೈಸ್:
ಮಧ್ಯಾಹ್ನದ ಲೆಕ್ಕನೂ ಹೇಳ್ತೀನಿ. ನಿಮ್ಮಂಥ 1ಜಿ 10 ಕಿಮೀ (ಎಲ್‌ಎಕ್ಸ್) ಎಸ್‌ಎಫ್‌ಪಿ ರಿಸೀವರಿನ ಮಿತಿ -19 ಡಿಬಿಎಂ. ಮುಂಜಾನಿ ಅರ್ಧ ಡಿಬಿ ಉಳಿತದ. ಬಿಸಿಲಿಗೆ ಆ ಕಡೆ ಲೇಸರ್ 1.5 ಡಿಬಿ ಇಳೀತದ, ಲಿಂಕ್ ಬೀಳ್ತದ. ತೊಳದ ಮ್ಯಾಲೆ -10.5 ಬಂತಂದ್ರ ಆ 1.5 ಲೆಕ್ಕಕ್ಕೇ ಬರಂಗಿಲ್ಲ. ಆದ್ರ 68 ಡಿಗ್ರಿ ಬಿಡಬ್ಯಾಡ್ರಿ, ಸಾದಾ ಎಸ್‌ಎಫ್‌ಪಿ ಮಿತಿ 70. ಆ ಶೆಡ್ಡಿಗೆ -40ರಿಂದ 85 ಡಿಗ್ರಿ ತಡೆಯೋ ಇಂಡಸ್ಟ್ರಿಯಲ್ ಮಾಡ್ಯೂಲ್ ಸರಿ. ತೊಳದು ವಾರ ಬಿಟ್ಟು ಬಯಾಸ್ ಕರೆಂಟ್ (ಲೇಸರ್‌ಗೆ ಹೋಗೋ ಕರೆಂಟ್) ಬರಕೋರಿ. ಅದೇ ಟೆಂಪರೇಚರ್‌ಗೆ ತಿಂಗಳಿಂದ ತಿಂಗಳಿಗೆ ಏರ್ತಾ ಹೋದ್ರ ಅವಾಗ ಲೇಸರ್ ಮುದಿ ಆಗ್ಯದ ಅಂತ ತಿಳೀರಿ. ತೆಗೆದ ಎಸ್‌ಎಫ್‌ಪಿಗೆ, ಕಾರ್ಡಿಗೆ, ಖಾಲಿ ಪ್ಯಾನೆಲ್ ಬಾಯಿಗೆ ಟೋಪಿ ಹಾಕೇ ಇಡ್ರಿ. ಆ ಟೋಪಿನೂ ಕಿಸೆದಾಗ ಬಿಟ್ರ ಧೂಳು ತುಂಬತದ, ಜಿಪ್ ಚೀಲದಾಗ ಇಡ್ರಿ.

ಶಹಾಬಾದ್ ಲೈನ್:
ಆ ಕಡೆ ಟಿಎಕ್ಸ್ ಕಾರ್ಡ್, ಪ್ಯಾನೆಲ್ ತೊಳದ್ವಿ. ಈ ಕಡೆ ಆರ್‌ಎಕ್ಸ್ ಈಗ -11.2.