ಅಪ್‌ಡೇಟ್: ಮಳೆಗೆ ಕಟ್ ಆಗುತ್ತಿದ್ದ ವೈಫೈ ಸರಿಹೋಯಿತು

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಮಳೆ ಜೋರಾದಾಗೆಲ್ಲ ವೈಫೈ ಹೋಗುತ್ತದೆ, ಕೇಬಲ್ ಮೋಡೆಮ್ಮೂ ರೂಟರೂ ಒಂದೇ ಡಬ್ಬಿ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ತೊಂದರೆ ಇದ್ದದ್ದು ವೈಫೈನಲ್ಲಲ್ಲ, ಹೊರಗಿನ ಕೇಬಲ್‌ನಲ್ಲಿ.

ನೀವು ಹೇಳಿದ ಹಾಗೆ ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರವಾಗಿ ಜೋಡಿಸಿದೆ. ಆಗಲೂ ನೆಟ್ ಹೋಯಿತು. ಹಾಗಾದರೆ ವೈಫೈ ಚಾನೆಲ್ ಸುಮ್ನೆ ಬದಲಿಸಿ ಪ್ರಯೋಜನ ಇಲ್ಲ. ಬ್ರೌಸರ್‌ನಲ್ಲಿ ಮೋಡೆಮ್‌ನ ವಿಳಾಸ 192.168.100.1 ಹಾಕಿ ಅದರ ಸಿಗ್ನಲ್ ಪುಟ ತೆರೆದೆ. ಡೌನ್‌ಸ್ಟ್ರೀಮ್ ಪವರ್, ಅಂದರೆ ಕೇಬಲ್‌ನಿಂದ ಮೋಡೆಮ್‌ಗೆ ಬರುವ ಸಿಗ್ನಲ್‌ನ ಬಲ, −7ರಿಂದ +7 ಡಿಬಿಎಂವಿ (ಅದನ್ನು ಅಳೆಯುವ ಮಾನ) ಒಳಗಿದ್ದರೆ ಒಳ್ಳೆಯದು. ನಮ್ಮದು ಬಿಸಿಲಿದ್ದಾಗ −6, ಮಳೆ ಹಿಡಿದ ಸ್ವಲ್ಪ ಹೊತ್ತಿಗೆ −14, ಜೊತೆಗೆ ಎರರ್ ಸಂಖ್ಯೆ ಏರುತ್ತಲೇ ಇತ್ತು.

ಈ ಪುಟದ ಫೋಟೋ ತೋರಿಸಿದ ಮೇಲೆಯೇ ಕೇಬಲ್‌ನವರು ಏಣಿ ಹತ್ತಿದ್ದು! ಸೂರಿನ ಕೆಳಗಿದ್ದ ಸ್ಪ್ಲಿಟರ್ (ಒಂದು ಕೇಬಲನ್ನು ಟಿವಿಗೂ ಮೋಡೆಮ್‌ಗೂ ಹಂಚುವ ಡಬ್ಬಿ) ಬಿಚ್ಚಿದರೆ ಕನೆಕ್ಟರ್ ಒಳಗೆ ನೀರು, ತಾಮ್ರವೆಲ್ಲ ಹಸಿರುಗಟ್ಟಿತ್ತು. ಟಿವಿಗೆ ಈಗ ಕೇಬಲ್ ಬೇಕಿಲ್ಲದ್ದರಿಂದ ಸ್ಪ್ಲಿಟರನ್ನೇ ತೆಗೆಸಿದೆ (ಎರಡು ದಾರಿಯದ್ದೂ ಸುಮಾರು 3.5 ಡಿಬಿ ಸಿಗ್ನಲ್ ತಿನ್ನುತ್ತದೆ). ಹೊಸ ಕನೆಕ್ಟರ್ ಹಾಕಿದರು, ನೀರು ತೊಟ್ಟಿಕ್ಕಿ ಹೋಗುವ ಹಾಗೆ ಕೇಬಲನ್ನು ಕೆಳಗೆ ಬಾಗಿಸಿ ಒಳಗೆ ತಂದರು. ಈಗ ಜಡಿಮಳೆಯಲ್ಲೂ −1 ಆಸುಪಾಸು.

ಹಿಂದಿನ ರೂಮಿನಲ್ಲಿ ವೈಫೈ ಇನ್ನೂ ಕಡಿಮೆ. ಗೋಡೆ ದಪ್ಪ, ಅಲ್ಲಿಗೆ ಲ್ಯಾನ್ ವೈರ್ ಎಳೆದು ಬೇರೆ ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಇನ್ನೊಂದು ಡಬ್ಬಿ) ಇಡುತ್ತೇನೆ. ಸಿಗ್ನಲ್ ಪುಟ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.