ಮಕ್ಕಳ ಆಟದ ಬಿಡುವು ವಾಪಸ್ ಪಡೆದವರು ಇದ್ದೀರಾ? ಹೇಗೆ ಕೇಳಿದಿರಿ?

ಸಿಂಧನೂರಿನಿಂದ ಒಬ್ಬ ತಾಯಿ:

ನನ್ನ ಮಗಳು ಎರಡನೇ ಕ್ಲಾಸು, ಖಾಸಗಿ ಶಾಲೆ. ಹೋದ ವರ್ಷ ಬೆಳಿಗ್ಗೆ ಹದಿನೈದು ನಿಮಿಷ ಬಿಡ್ತಿದ್ರು, ಈ ವರ್ಷ ಐದೇ ನಿಮಿಷ ಮಾಡ್ಯಾರ. ನೀರು ಕುಡಿದು, ಪಾಳಿ ಹಚ್ಚಿ ಬಾತ್‌ರೂಮಿಗೆ ಹೋಗಿ ಬರೋದ್ರಾಗ ಬೆಲ್ ಆಗ್ತೈತಿ. ಮಧ್ಯಾಹ್ನದ ಆಟದ ಪಿರಿಯಡ್ ಗಣಿತಕ್ಕ ಕೊಟ್ಟಾರ. ಹೋಂವರ್ಕ್ ಮುಗಿಸದವರನ್ನ ಊಟದ ಬಿಡುವಿನ್ಯಾಗೂ ಒಳಗ ಕುಂದರಿಸಿ ಬರೆಸ್ತಾರ. ಮೊನ್ನೆ ನನ್ನ ಮಗಳು ಕಿಟಕಿ ಹತ್ರ ಕುಂತು ಉಳಿದವರು ಆಡೋದನ್ನ ನೋಡಿದಳಂತ. ಮನಿಗೆ ಬಂದು ಅಷ್ಟೇ ಹೇಳಿ ಸುಮ್ಮನಾದ್ಲು. ಹೋಗಿ ಕೇಳಿದ್ರೆ “ಬೇರೆ ಯಾರೂ ಕೇಳಿಲ್ಲ, ನಿಮಗೊಬ್ಬರಿಗೇ ಯಾಕ್ರಿ?” ಅಂದ್ರು. ಜಗಳ ಬ್ಯಾಡ, ಮಗಳ ಮ್ಯಾಲೆ ಸಿಟ್ಟು ತೀರಿಸಿಕೊಳ್ಳೋದೂ ಆಗಬಾರದು. ಶಾಲೆಯವರ ಜೊತೆ ಮಾತಾಡಿ ಏನಾದ್ರೂ ಬದಲಾಯಿಸಿದವರು ಇದ್ರೆ ಹೇಳ್ರಿ.

ಗಂಗಾವತಿಯಿಂದ ಒಬ್ಬ ತಂದೆ:

ಅಕ್ಕಾರ, ಆ ಮಾತು ನನಗೂ ಅಂದಿದ್ರು. ಒಬ್ಬನ ಹೋಗಿದ್ದೇ ನಾ ಮಾಡಿದ ತಪ್ಪು. ಎರಡನೇ ಸಲ ಹೋಗೋಕಿಂತ ಮೊದಲು ಒಂದು ಕೆಲಸ ಮಾಡಿದೆ: ಬಿಡುವು ಯಾಕ ಕಡಿಮಿ ಆತು ಅಂತ ಹುಡುಕಿದೆ. ಕ್ಲಾಸ್ ಟೀಚರ್ ಹತ್ರ ಸಮಾಧಾನದಿಂದ ಕುಂತು ಮಾತಾಡಿದ ಮ್ಯಾಲೆ ಗೊತ್ತಾತು. ಹಿಂದಿನ ವರ್ಷ ಒಂದು ಹುಡುಗ ಆಡೋವಾಗ ಬಿದ್ದು ಕೈ ಮುರಕೊಂಡಿದ್ದ. ಅವರ ಮನಿಯವರು ಹತ್ತು ಮಂದಿ ಬಂದು ಆಫೀಸಿನ್ಯಾಗ ಗದ್ದಲ ಮಾಡಿದ್ರಂತ. ಟೀಚರ್ ಒಬ್ಬರು ಅತ್ತಿದ್ರಂತ. ಮರುದಿನದಿಂದ ಮಕ್ಕಳನ್ನ ಹೊರಗ ಬಿಡೋದೇ ಬ್ಯಾಡ ಅಂತ ಆತು. ಅಂದ್ರ ಬಿಡುವು ಕಸಗೊಂಡವರೊಳಗ ಪಾಲಕರಾದ ನಾವೂ ಅದೀವಿ. ಇದು ತಿಳಿದ ಮ್ಯಾಲೆ ನನ್ನ ಸಿಟ್ಟು ಅರ್ಧ ಇಳೀತು, ಮಾತಾಡೋ ದಾರಿನೂ ಸಿಕ್ತು.

ಹನ್ನೊಂದು ಮಂದಿ ಪಾಲಕರು ಸೇರಿ ಒಂದು ಪತ್ರ ಬರೆದ್ವಿ. ದೂರು ಒಂದು ಸಾಲೂ ಇಲ್ಲ. “ಆಡುವಾಗ ಮೊಣಕಾಲು ತರಚಿದ್ರೆ, ಸಣ್ಣ ಪೆಟ್ಟಾದ್ರೆ ನಾವು ಟೀಚರ್‌ಗಳ ಮ್ಯಾಲೆ ಬರೋದಿಲ್ಲ. ಔಷಧಿ ಡಬ್ಬಿ ನಾವೇ ಕೊಡ್ತೀವಿ. ಮೊದಲ ಒಂದು ತಿಂಗಳು ದಿನಾ ಇಬ್ಬರು ಪಾಲಕರು ಬಿಡುವಿನ್ಯಾಗ ಬಂದು ನಿಂದರ್ತೀವಿ.” ಕೆಳಗ ಎಲ್ಲರ ಸಹಿ, ಫೋನ್ ನಂಬರ್. ಬೇಡಿಕೆನೂ ಖಚಿತವಾಗಿ ಬರೆದ್ವಿ: ಒಂದರಿಂದ ಮೂರನೇ ಕ್ಲಾಸಿನವರಿಗೆ ಬೆಳಿಗ್ಗೆ ಇಪ್ಪತ್ತು ನಿಮಿಷ ಹೊರಗ. “ಆಟ ಜಾಸ್ತಿ ಮಾಡ್ರಿ” ಅಂದ್ರ ಹೂಂ ಅಂತಾರ, ಏನೂ ಆಗೋದಿಲ್ಲ. ಇಪ್ಪತ್ತು ಕೇಳಿದ್ವಿ, ಹದಿನೈದು ಕೊಟ್ರು. ಮೂರು ವಾರ ನಾನೂ ನನ್ನ ಹೆಂಡತಿನೂ ಪಾಳಿ ಮ್ಯಾಲೆ ನಿಂತ್ವಿ. ಆಮ್ಯಾಲೆ ಟೀಚರ್‌ಗಳೇ “ಇನ್ನ ಬ್ಯಾಡ್ರಿ, ನಾವು ನೋಡ್ಕೋತೀವಿ” ಅಂದ್ರು.

ಲಿಂಗಸುಗೂರು ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕಿ:

ಹೋಂವರ್ಕ್ ಮುಗಿಸದವರನ್ನು ಒಳಗೆ ಕೂರಿಸುವುದನ್ನು ನಾನೂ ಆರು ವರ್ಷ ಮಾಡಿದ್ದೇನೆ. ಹತ್ತಿ ಬಿಡಿಸುವ ಕಾಲದಲ್ಲಿ ನನ್ನ ಮೂರನೇ ತರಗತಿಯ ಹುಡುಗನೊಬ್ಬ ದಿನವೂ ಬರೆಯದೇ ಬರುತ್ತಿದ್ದ, ದಿನವೂ ಬಿಡುವು ಕಳೆದುಕೊಳ್ಳುತ್ತಿದ್ದ. ಒಂದು ಸಂಜೆ ಅವರ ಮನೆ ಕಡೆ ಹೋದಾಗ ಅವನು ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು, ಇನ್ನೊಂದು ಕೈಯಲ್ಲಿ ಕೊಡ ಹಿಡಿದು ನಿಂತಿದ್ದ. ತಾಯಿ ಹೊಲದಿಂದ ಬರುವುದು ಕತ್ತಲಾದ ಮೇಲೆ. ಆ ಹುಡುಗನಿಗೆ ಇಡೀ ದಿನದಲ್ಲಿ ಆಡಲು ಸಿಗುತ್ತಿದ್ದ ಸಮಯ ಶಾಲೆಯ ಬಿಡುವು ಮಾತ್ರ. ಅದನ್ನೇ ನಾನು ಕಿತ್ತುಕೊಂಡಿದ್ದೆ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಈಗ ಬಿಡುವನ್ನು ಮುಟ್ಟುವುದಿಲ್ಲ. ಬರೆಯದವರು ಆಡಿ ಬಂದ ಮೇಲೆ ಹತ್ತು ನಿಮಿಷ ನನ್ನ ಟೇಬಲ್ ಪಕ್ಕ ಕೂತು ಬರೆಯುತ್ತಾರೆ. ಆಡಿ ಬಂದ ಮಗು ಬೇಗ ಬರೆಯುತ್ತದೆ. ಊಟದ ನಂತರದ ತರಗತಿಯಲ್ಲಿ ತೂಕಡಿಕೆ, ಚಿವುಟಾಟ, “ಮೇಡಂ, ಇವ ಹೊಡದ” ಎಂಬ ದೂರು ಎಲ್ಲವೂ ಕಡಿಮೆಯಾಗಿವೆ.

“ಪಾಠ ಮುಗಿಯುವುದಿಲ್ಲ” ಎಂದರೆ ಒಂದು ಲೆಕ್ಕ ಮುಂದಿಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ ಎಂದಿದೆ. ಭಾಗಿಸಿದರೆ ದಿನಕ್ಕೆ ನಾಲ್ಕು ಗಂಟೆ. ಮಕ್ಕಳು ಶಾಲೆಯಲ್ಲಿರುವುದು ಆರು ಗಂಟೆಗೂ ಹೆಚ್ಚು. ಇಪ್ಪತ್ತು ನಿಮಿಷಕ್ಕೆ ಜಾಗ ಇಲ್ಲವೆನ್ನಲು ಕಾರಣವಿಲ್ಲ. ಅದೇ ಅನುಸೂಚಿಯಲ್ಲಿ ಆಟದ ಮೈದಾನ ಮತ್ತು ತರಗತಿಗೆ ಬೇಕಾದ ಆಟದ ಸಾಮಾನುಗಳೂ ಇವೆ. ಅದು ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ಕಾಯ್ದೆಯ ಮಾತನ್ನು ಮೊದಲ ದಿನವೇ ತೆಗೆಯಬೇಡಿ, ಕೈಯಲ್ಲಿರಲಿ. ನಮ್ಮಂಥ ಶಾಲೆಯಾದರೆ ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಬಹುದು. ಅನುದಾನವಿಲ್ಲದ ಖಾಸಗಿ ಶಾಲೆಯಲ್ಲಿ ಅಂಥ ಸಮಿತಿಯ ಕಡ್ಡಾಯವಿಲ್ಲ, ಹಾಗಾಗಿ ಪಾಲಕರ ಸಭೆಯೇ ನಿಮ್ಮ ಜಾಗ.

ಕೊಪ್ಪಳದಿಂದ ಒಬ್ಬ ತಂದೆ:

ಎಲ್ಲಾರೂ ಆಟ ಆಟ ಅಂತೀರಿ. ನನ್ನ ಮಗ ಐದನೇ ಕ್ಲಾಸು, ನವೋದಯ ಪರೀಕ್ಷೆಗೆ ಕೋಚಿಂಗ್ ಹಚ್ಚೀವಿ. ನಾನು ಆಡಿಕೊಂತ ಬೆಳೆದೆ, ಇವತ್ತಿಗೂ ಗೌಂಡಿ ಕೆಲಸ. ನನ್ನ ಮಗನ ಒಂದು ವರ್ಷ ಹೋದ್ರ ಮತ್ತ ಬರೋದಿಲ್ಲ. ಊರಾಗ ಆಡಾಕ ಜಾಗ ಐತಿ, ಸಾಲ್ಯಾಗ ಓದಲಿ ಅಂತ ನನ್ನ ಮಾತು.

ಮಾನ್ವಿಯಿಂದ ಒಬ್ಬ ತಾಯಿ:

ಅಣ್ಣಾರ, ನಿಮ್ಮ ಕಷ್ಟ ಗೊತ್ತಾಗ್ತದ. ನನ್ನ ಮಗನಿಗೂ ಅದೇ ಪರೀಕ್ಷೆ ಬರೆಸೀವಿ. ಒಂದು ನವೋದಯದಾಗ ಆರನೇ ಕ್ಲಾಸಿಗೆ 80 ಸೀಟು, ಬರೆಯೋರು ಸಾವಿರಾರು. ಜೂನ್‌ನಿಂದ ದೀಪಾವಳಿ ತನಕ ಆಟ ಪೂರ್ತಿ ಬಂದ್ ಮಾಡಿದ್ವಿ. ಬೆಳಿಗ್ಗೆ ಕೋಚಿಂಗ್, ಆಮ್ಯಾಲೆ ಸಾಲಿ, ಸಂಜಿಗೆ ಮತ್ತ ಕೋಚಿಂಗ್. ಸಂಜಿಗೆ ಪುಸ್ತಕದ ಮ್ಯಾಲೇ ತಲಿ ಇಟ್ಟು ಮಲಗಿಬಿಡ್ತಿದ್ದ. ಮಾಡೆಲ್ ಪೇಪರಿನ್ಯಾಗ ಅಂಕ ಏರಲೇ ಇಲ್ಲ. ಹಬ್ಬ ಆದಮ್ಯಾಲೆ ದಿನಾ ಒಂದು ತಾಸು ಲಗೋರಿ ಆಡಾಕ ಬಿಟ್ವಿ. ಸೀಟು ಸಿಗಲಿಲ್ಲ, ಸುಳ್ಳು ಹೇಳಂಗಿಲ್ಲ. ಆದ್ರ ಆ ಐದು ತಿಂಗಳು ಹಂಗ ಮಾಡಬಾರದಿತ್ತು ಅಂತ ಅನಸ್ತದ. ಓದಿಸ್ರಿ, ಆದ್ರ ಬಿಡುವು ಬಿಡಸಬ್ಯಾಡ್ರಿ.

ಬಳ್ಳಾರಿಯ ಮಕ್ಕಳ ವೈದ್ಯರು:

ಐದು ನಿಮಿಷದ ಬಿಡುವಿನ ಬಗ್ಗೆ ನನಗೆ ಬೇರೆಯೇ ಆತಂಕ. ಪಾಳಿ ಉದ್ದ ಎಂದು ಮಕ್ಕಳು ಮೂತ್ರ ತಡೆಯುತ್ತಾರೆ, ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯುವುದಿಲ್ಲ. ಮೂತ್ರನಾಳದ ಸೋಂಕು, ಮಲಬದ್ಧತೆ ಎರಡಕ್ಕೂ ಇದೊಂದು ಕಾರಣ. ನಮ್ಮ ಬಿಸಿಲಲ್ಲಿ ಇನ್ನೂ ಹೆಚ್ಚು.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಿಕ್ಷೆಯ ಹೆಸರಲ್ಲಾಗಲಿ ಪಾಠದ ಹೆಸರಲ್ಲಾಗಲಿ ಬಿಡುವು ಕಸಿಯಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಹೇಳಿದೆ. ಪಿಟಿ ಪಿರಿಯಡ್ ಇದೆ, ಬಿಡುವು ಯಾಕೆ ಎನ್ನುವವರಿಗೂ ಅದರಲ್ಲಿ ಉತ್ತರವಿದೆ: ಎರಡೂ ಬೇಕು, ಒಂದರ ಬದಲು ಇನ್ನೊಂದಲ್ಲ.

ಬಳ್ಳಾರಿಯಿಂದ ಇನ್ನೊಬ್ಬ ತಾಯಿ:

ನಮ್ಮ ಶಾಲೆಗೆ ಮೈದಾನವೇ ಇಲ್ಲ. ಮೂರು ಅಂತಸ್ತಿನ ಕಟ್ಟಡ, ಮುಂದೆ ಬೈಕ್ ನಿಲ್ಲಿಸೋ ಜಾಗ. ಅದನ್ನೇ ಬಿಡುವಿನ ಹೊತ್ತಿಗೆ ಖಾಲಿ ಮಾಡಿಸಿದ್ವಿ. ಬೈಕುಗಳು ಪಕ್ಕದ ಗಲ್ಲಿಗೆ ಹೋದವು. ನೆಲದ ಮೇಲೆ ಬಣ್ಣದಲ್ಲಿ ಕುಂಟಾಟದ ಮನೆ ಬರೆಸಿ, ನಾಲ್ಕು ಹಗ್ಗ ತಂದು ಕೊಟ್ವಿ. ಆಣಿಕಲ್ಲು ಆಡೋಕೆ ಮೂಲೆ ಸಾಕು. ಮಕ್ಕಳಿಗೆ ಆಡೋಕೆ ಗೊತ್ತಿರಲಿಲ್ಲ, ನಮ್ಮತ್ತೆ ಬಂದು ಎರಡು ದಿನ ಕಲಿಸಿ ಹೋದರು.

ಆದ್ರೆ ಒಂದು ಗಮನಿಸಿ. ಜಾಗ ಸಿಕ್ಕ ಕೂಡಲೇ ದೊಡ್ಡ ಹುಡುಗರು ಕ್ರಿಕೆಟ್ ಶುರು ಮಾಡಿದ್ರು, ಹೆಣ್ಣುಮಕ್ಕಳು ಗೋಡೆಗೆ ಆತು ನಿಂತ್ರು. ಬಿಡುವು ಸಿಕ್ಕರೂ ಅವರಿಗೆ ಆಟ ಸಿಗಲಿಲ್ಲ. ಈಗ ಬ್ಯಾಟ್ ಬಂದ್. ಬೆಳಿಗ್ಗೆ ಚಿಕ್ಕ ಕ್ಲಾಸು, ಹತ್ತು ನಿಮಿಷ ಬಿಟ್ಟು ದೊಡ್ಡ ಕ್ಲಾಸು. ಬೆಲ್ ಬೇರೆ ಬೇರೆ ಮಾಡಿದ್ದರಿಂದ ಬಾತ್‌ರೂಮಿನ ಪಾಳಿಯೂ ಕರಗಿತು.

ಕುಷ್ಟಗಿ ಕಡೆಯ ಎಸ್‌ಡಿಎಂಸಿ ಮಾಜಿ ಅಧ್ಯಕ್ಷರು:

ಸರ್ಕಾರಿ ಸಾಲಿಯವರು ಯಾರಾದ್ರೂ ಓದ್ತಿದ್ರ: ಮೈದಾನ, ಕಂಪೌಂಡ್ ಪಂಚಾಯ್ತಿಯಿಂದ ಮಾಡಿಸಿಕೊಳ್ಳಾಕ ಬರ್ತೈತಿ. ಪಂಚಾಯ್ತಿ ಕ್ರಿಯಾಯೋಜನೆಯೊಳಗ ಸೇರಿಸಬೇಕು. ನಮ್ಮೂರಾಗ ಮಕ್ಕಳ ಗ್ರಾಮಸಭೆಯೊಳಗ ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು “ನಮಗ ಜಾಲಿಮುಳ್ಳು ತೆಗೆಸಿ ಕೊಡ್ರಿ” ಅಂದ್ಲು. ದೊಡ್ಡವರು ಎರಡು ವರ್ಷ ಕೇಳಿದ್ರೂ ಆಗದ್ದು ಅವತ್ತು ಬರಕೊಂಡ್ರು.

ಸಿಂಧನೂರಿನ ತಾಯಿ:

ನಿನ್ನೆ ಎಂಟು ಮಂದಿ ತಾಯಂದಿರ ಜೊತೆ ಮಾತಾಡಿದೆ. ಐದು ಮಂದಿ ಸಹಿ ಹಾಕ್ತೀವಿ ಅಂದ್ರು. ಮೊದಲು ಊಟದ ಬಿಡುವಿನ ಶಿಕ್ಷೆ ನಿಲ್ಲಸ್ರಿ ಅಂತ ಕೇಳೋಣು, ಹದಿನೈದು ನಿಮಿಷದ ಮಾತು ಅದರ ಹಿಂದ ಬರಲಿ ಅಂತ ಆಗೈತಿ. ಒಂದೇ ಪ್ರಶ್ನೆ ಉಳೀತು. ಫೆಬ್ರುವರಿ ದಾಟಿದ್ರ ನಮ್ಮಲ್ಲಿ ಬಿಸಿಲು ನಿಂದರಗೊಡೋದಿಲ್ಲ. “ಬಿಸಿಲಾಗ ಹೆಂಗ ಬಿಡೋದು” ಅಂದ್ರ ಏನ್ ಹೇಳ್ಲಿ?

ಲಿಂಗಸುಗೂರಿನ ಶಿಕ್ಷಕಿ:

ಅವರು ಹೇಳುವುದು ನಿಜ, ಒಪ್ಪಿಕೊಳ್ಳಿ. ನಾವು ಫೆಬ್ರುವರಿಯಿಂದ ಓಡುವ ಆಟವನ್ನು ಪ್ರಾರ್ಥನೆ ಮುಗಿದ ಕೂಡಲೇ ಇಡುತ್ತೇವೆ, ಮೊದಲ ಪಿರಿಯಡ್ ಇಪ್ಪತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ಅಥವಾ ವರಾಂಡದಲ್ಲಿ ಚೌಕಾಬಾರ, ಆಣಿಕಲ್ಲು. ನಿಮ್ಮ ಶಾಲೆಯ ಯಾವ ಗೋಡೆಯ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಒಂದು ದಿನ ನಿಂತು ನೋಡಿ, ಅದನ್ನೇ ಪತ್ರದಲ್ಲಿ ಬರೆಯಿರಿ. ನೀರಿನ ಬಾಟಲಿ ಹೊರಗೆ ಒಯ್ಯಲು ಬಿಡಲಿ ಎಂದೂ ಸೇರಿಸಿ.